ದಿನದ ಬೆಲೆಯಿಂದ ವಾರದ ಸರಾಸರಿ: ಗೂಗಲ್ ಶೀಟ್ಸ್, ಎಕ್ಸೆಲ್, ಲಿಬ್ರೆ ಆಫೀಸ್ ಮೂರರಲ್ಲೂ ಮಾಡಿ ನೋಡಿದ ರಿವ್ಯೂ

ಪೂರ್ತಿ ಓದೋಕೆ ಟೈಮ್ ಇಲ್ಲದೋರಿಗೆ ಫಲಿತಾಂಶ ಮೊದಲೇ ಹೇಳ್ಬಿಡ್ತೀನಿ. ಶೇರಿನ ದಿನದ ಬೆಲೆಯನ್ನ ವಾರದ ಸರಾಸರಿ ಮಾಡೋಕೆ, ದುಡ್ಡು ಕೊಡದೆ ಸಿಗೋದ್ರಲ್ಲಿ ಗೂಗಲ್ ಶೀಟ್ಸೇ ಮೇಲು, ಯಾಕಂದ್ರೆ ಬೆಲೆಯನ್ನೂ ಅದೇ ತಂದುಕೊಡುತ್ತೆ. ಆಫೀಸಲ್ಲಿ ಮೈಕ್ರೋಸಾಫ್ಟ್ 365 ಇದ್ರೆ ಎಕ್ಸೆಲ್ ಇನ್ನೂ ಗಟ್ಟಿ. ಫೈಲ್ ಡೌನ್‌ಲೋಡ್ ಮಾಡ್ಕೊಂಡು ನೆಟ್ ಇಲ್ಲದೆ ಹಳೇ ಲ್ಯಾಪ್‌ಟಾಪಲ್ಲಿ ಕೂರೋರಿಗೆ ಲಿಬ್ರೆ ಆಫೀಸ್ ಕ್ಯಾಲ್ಕ್ ಸಾಕು. ಆದ್ರೆ ಮೂರರಲ್ಲೂ ರೆಡಿಯಾಗಿ ಇರೋ "ವಾರ" ಅನ್ನೋ ಆಯ್ಕೆಗಳನ್ನ ಹಾಗೇ ನಂಬಿ ಕೂತ್ರೆ ಸರಾಸರಿ ಕೆಡುತ್ತೆ. ಆ ವಾರದ ಸೋಮವಾರ ಯಾವ ತಾರೀಕು ಅಂತ ನಾವೇ ಒಂದು ಕಾಲಮ್ ಮಾಡ್ಕೋಬೇಕು, ಮಿಕ್ಕಿದ್ದೆಲ್ಲ ಅದರ ಮೇಲೆ ನಿಲ್ಲಬೇಕು. ಈ ರಿವ್ಯೂ ಪೂರ್ತಿ ಅದರ ಬಗ್ಗೆನೇ.

ವಾರದ ಸರಾಸರಿ ಯಾಕೆ ಬೇಕು ಅಂದ್ರೆ, ದಿನದ ಬೆಲೆ ನೋಡ್ತಾ ಕೂತ್ರೆ ತಲೆ ಕೆಡುತ್ತೆ. ಒಂದಿನ ಎರಡು ಪರ್ಸೆಂಟ್ ಮೇಲೆ, ಮಾರನೇ ದಿನ ಒಂದೂವರೆ ಕೆಳಗೆ, ಇದರಲ್ಲಿ ಸುದ್ದಿ ಎಷ್ಟು ಗದ್ದಲ ಎಷ್ಟು ಗೊತ್ತಾಗಲ್ಲ. ನಮ್ಮ ಮನೇಲಿ ಎಲ್ಲರ ಶೇರಿನ ಲೆಕ್ಕ ನೋಡೋದು ನಾನೇ, ನಮ್ಮ ಕಡೆ ಮನೆಗಳಲ್ಲಿ ಇರೋ ಹಾಗೆ ಕೆನರಾ ಬ್ಯಾಂಕ್, ಇನ್ಫೋಸಿಸ್ ಅಂತವು. ದೊಡ್ಡವರಿಗೆ ದಿನಾ ಬೆಲೆ ಹೇಳೋದಕ್ಕಿಂತ "ಈ ವಾರ ಸರಾಸರಿ ಇಷ್ಟಿತ್ತು, ಹೋದ ವಾರ ಇಷ್ಟಿತ್ತು" ಅಂದ್ರೆ ಅವರಿಗೂ ನೆಮ್ಮದಿ ನನಗೂ ನೆಮ್ಮದಿ.

ಈಗ ಮೂರನ್ನೂ ಹೇಗೆ ಪರೀಕ್ಷೆ ಮಾಡಿದೆ ಅಂತ ಹೇಳ್ತೀನಿ. ಸೋಮವಾರದಿಂದ ಶುಕ್ರವಾರ ಐದು ದಿನ ನೆಟ್ಟಗೆ ವ್ಯಾಪಾರ ಆದ ವಾರದಲ್ಲಿ ಯಾವ ಶೀಟ್ ಬೇಕಾದ್ರೂ ಸರಿ ಉತ್ತರ ಕೊಡುತ್ತೆ, ಅದರಲ್ಲೇನು ದೊಡ್ಡಸ್ತಿಕೆ ಇಲ್ಲ. ಕಷ್ಟದ ವಾರಗಳನ್ನ ಹಾಕಿ ನೋಡ್ಬೇಕು. ನಮ್ಮ ಎನ್‌ಎಸ್‌ಇಯಲ್ಲಿ, ಅಂದ್ರೆ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಲ್ಲಿ, ಅಂತವು ಬೇಕಾದಷ್ಟಿವೆ. 2024ರ ಜನವರಿ ತಗೊಳ್ಳಿ, 20ನೇ ತಾರೀಕು ಶನಿವಾರ ಮಾರ್ಕೆಟ್ ತೆರೆದಿತ್ತು, 22 ಸೋಮವಾರ ಅಯೋಧ್ಯೆ ಪ್ರತಿಷ್ಠಾಪನೆಗೆ ರಜೆ, 26 ಶುಕ್ರವಾರ ಗಣರಾಜ್ಯೋತ್ಸವ. ಅಂದ್ರೆ ಒಂದು ವಾರ ಆರು ದಿನ, ಮುಂದಿನ ವಾರ ಬರೀ ಮೂರು ದಿನ. ಅದೇ ವರ್ಷ ಮೇ ತಿಂಗಳಲ್ಲಿ 18ನೇ ತಾರೀಕು ಶನಿವಾರ ವಿಶೇಷ ಸೆಷನ್ ಇತ್ತು, 20 ಸೋಮವಾರ ಮುಂಬೈಯಲ್ಲಿ ಲೋಕಸಭೆ ಮತದಾನಕ್ಕೆ ರಜೆ, ಅಲ್ಲಿ ಆರು ದಿನ ಆಮೇಲೆ ನಾಲ್ಕು. ಅದರ ಜೊತೆಗೆ ಆ ಆರು ದಿನದ ವಾರದ ಮಧ್ಯದಲ್ಲೇ, 15 ಬುಧವಾರ, ಕೆನರಾ ಬ್ಯಾಂಕ್ ಶೇರು ₹10 ಮುಖಬೆಲೆಯಿಂದ ₹2ಕ್ಕೆ ಸ್ಪ್ಲಿಟ್ ಆಯ್ತು, ಅಂದ್ರೆ ಒಂದು ಶೇರು ಒಡೆದು ಐದಾಯ್ತು. ಮೂರನೇದು 2024 ಮುಗಿದು 2025 ಶುರುವಾದ ವಾರ, ಡಿಸೆಂಬರ್ 30 ಸೋಮವಾರ, ಜನವರಿ 1 ಬುಧವಾರ, ಒಂದೇ ವಾರ ಎರಡು ವರ್ಷ. ಈ ಮೂರು ಗಂಟು ಬಿಡಿಸಿದ ಶೀಟ್ ಪಾಸ್.

ಮೊದಲು ಒಂದು ವಿಷಯ, ಇಂಟರ್ನೆಟ್ಟಲ್ಲಿ ಎಲ್ಲ ಕಡೆ ಹೇಳಿಕೊಡೋ ಒಂದು ಉಪಾಯ ಇದೆ, ಆಫ್‌ಸೆಟ್ ಫಂಕ್ಷನ್ ಹಾಕಿ ಐದೈದು ಸಾಲಿಗೆ ಒಂದು ಸರಾಸರಿ ತೆಗೆಯೋದು. ದಯವಿಟ್ಟು ಮಾಡ್ಬೇಡಿ. ಐದು ಸಾಲು ಅಂದ್ರೆ ಒಂದು ವಾರ ಅಂತ ಅದು ಅಂದ್ಕೊಂಡಿರುತ್ತೆ, ಜನವರಿಯ ಆ ಆರು ದಿನದ ವಾರ ಬಂದ ತಕ್ಷಣ ಶನಿವಾರದ ಬೆಲೆ ಮುಂದಿನ ಗುಂಪಿಗೆ ಜಾರುತ್ತೆ, ಮೂರು ದಿನದ ವಾರ ಬಂದಾಗ ಅದರ ಮುಂದಿನ ಸೋಮವಾರ ಹಿಂದಕ್ಕೆ ಬರುತ್ತೆ, ಅಲ್ಲಿಂದ ಮುಂದೆ ಬಹಳಷ್ಟು ಗುಂಪು ನಿಜವಾದ ವಾರಕ್ಕೆ ಹೊಂದಲ್ಲ, ಎರರ್ ಕೂಡ ತೋರಿಸಲ್ಲ, ನಂಬರ್ ಚೆನ್ನಾಗೇ ಕಾಣ್ತಿರುತ್ತೆ. ಐದು ದಿನದ ಮೂವಿಂಗ್ ಆವರೇಜ್ ಕೂಡ ವಾರದ ಸರಾಸರಿ ಅಲ್ಲ, ಅದು ದಿನಾ ಒಂದೊಂದು ಹೆಜ್ಜೆ ಮುಂದೆ ಸರಿಯೋದು, ಬೇರೆ ಕೆಲಸದ್ದು.

ಗೂಗಲ್ ಶೀಟ್ಸ್

ಇದರ ದೊಡ್ಡ ಬಲ ಗೂಗಲ್‌ಫೈನಾನ್ಸ್ ಅನ್ನೋ ಫಂಕ್ಷನ್. ಎನ್‌ಎಸ್‌ಇ ಅಂತ ಬರೆದು ಕೋಲನ್ ಹಾಕಿ ಶೇರಿನ ಚಿಹ್ನೆ, ಆಮೇಲೆ ಕ್ಲೋಸ್ (ದಿನ ಮುಗಿದಾಗಿನ ಬೆಲೆ), ಶುರುವಿನ ತಾರೀಕು, ಕೊನೆ ತಾರೀಕು, ಡೈಲಿ, ಇಷ್ಟು ಕೊಟ್ರೆ ಎರಡು ಕಾಲಮ್ಮಲ್ಲಿ ತಾರೀಕು ಮತ್ತು ಬೆಲೆ ಉದ್ದಕ್ಕೆ ಇಳಿಯುತ್ತೆ. ಯಾವ ಸೈಟಿಂದಲೂ ಫೈಲ್ ಇಳಿಸ್ಕೊಳ್ಳೋ ಕೆಲಸ ಇಲ್ಲ. ಫೋನಲ್ಲೂ ತೆಗೆದು ನೋಡಬಹುದು, ಮನೆಯವರಿಗೆ ಲಿಂಕ್ ಕಳಿಸಬಹುದು. ಇಷ್ಟಕ್ಕೇ ನಾನು ಇದಕ್ಕೆ ಮೊದಲನೇ ಜಾಗ ಕೊಡ್ತೀನಿ.

ಈಗ ಹುಷಾರಾಗಿ ಇರಬೇಕಾದ ಜಾಗಗಳು. ಡೈಲಿ ಅನ್ನೋ ಕಡೆ ವೀಕ್ಲಿ ಅಂತಲೂ ಕೊಡಬಹುದು, ಎಷ್ಟೋ ಜನ ಅದನ್ನ ಹಾಕಿ "ಸರಾಸರಿ ಬಂತು" ಅಂತ ಮುಂದೆ ಹೋಗ್ತಾರೆ. ಅದು ಸರಾಸರಿ ಅಲ್ಲ. ವೀಕ್ಲಿ ಅಂದ್ರೆ ವಾರಕ್ಕೆ ಒಂದು ದಿನದ ಕ್ಲೋಸಿಂಗ್ ಬೆಲೆ ಮಾತ್ರ, ಉಳಿದ ದಿನಗಳ ಬೆಲೆ ಆ ನಂಬರಲ್ಲಿ ಇಲ್ಲವೇ ಇಲ್ಲ. ವಾರಪೂರ್ತಿ ಬಿದ್ದು ಶುಕ್ರವಾರ ಎದ್ದ ಶೇರು ಆ ಲೆಕ್ಕದಲ್ಲಿ ಚೆನ್ನಾಗಿದ್ದ ಹಾಗೆ ಕಾಣುತ್ತೆ.

ಎರಡನೇದು, ತಾರೀಕಿನ ಜೊತೆಗೆ ಟೈಮೂ ಬರುತ್ತೆ. ಎನ್‌ಎಸ್‌ಇ ಶೇರಿಗೆ 15:30 ಅಂತ, ಅಂದ್ರೆ ಮಾರ್ಕೆಟ್ ಮುಚ್ಚೋ ಹೊತ್ತು. ಕಣ್ಣಿಗೆ ಬರೀ ತಾರೀಕು ಕಾಣೋ ಹಾಗೆ ಫಾರ್ಮ್ಯಾಟ್ ಮಾಡಿದ್ರೂ ಒಳಗಡೆ ಟೈಮ್ ಕೂತಿರುತ್ತೆ, ಹಾಗಾಗಿ ನೀವು ಕೈಯಲ್ಲಿ ಟೈಪ್ ಮಾಡಿದ 13-05-2024ಕ್ಕೂ ಅದು ಕೊಟ್ಟ 13-05-2024ಕ್ಕೂ ಹೊಂದಾಣಿಕೆ ಆಗಲ್ಲ, ಎವರೇಜ್‌ಇಫ್ಸ್ (ಷರತ್ತಿಗೆ ಹೊಂದೋ ಸಾಲುಗಳ ಸರಾಸರಿ ಕೊಡೋ ಫಂಕ್ಷನ್) ಹಾಕಿದ್ರೆ ಸೊನ್ನೆಯಿಂದ ಭಾಗಿಸಿದ ಎರರ್ ಬರುತ್ತೆ, ಜನ ಫಾರ್ಮುಲಾ ತಪ್ಪು ಅಂತ ತಿದ್ದಿ ತಿದ್ದಿ ಸುಸ್ತಾಗ್ತಾರೆ. ತಾರೀಕನ್ನ ಇಂಟ್ ಫಂಕ್ಷನ್ ಒಳಗೆ ಹಾಕಿ ಟೈಮ್ ಕತ್ತರಿಸಿ, ಮುಗೀತು. ಡಾಲರ್ ರೂಪಾಯಿ ದರ ತರಿಸಿದ್ರೆ ಟೈಮ್ 23:58 ಅಂತ ಇರುತ್ತೆ, ಮತ್ತೆ ಅದರಲ್ಲಿ ಶನಿವಾರ ಭಾನುವಾರದ ಸಾಲೂ ಸೇರಿರುತ್ತೆ, ಅವನ್ನ ತೆಗೆಯದಿದ್ರೆ ಶುಕ್ರವಾರದ ದರವೇ ಹೆಚ್ಚುಕಮ್ಮಿ ಮೂರು ಸಲ ಲೆಕ್ಕಕ್ಕೆ ಬಂದ ಹಾಗೆ.

ಸೋಮವಾರದ ಕಾಲಮ್ ಹೀಗೆ: =ಇಂಟ್(ಎ2)-ವೀಕ್‌ಡೇ(ಎ2,3). ಎ2 ಅಂದ್ರೆ ತಾರೀಕು ಇರೋ ಸೆಲ್. ಇಲ್ಲಿ ಕನ್ನಡದಲ್ಲಿ ಬರೆದಿದ್ದೀನಿ, ಶೀಟಲ್ಲಿ ಫಂಕ್ಷನ್ ಹೆಸರುಗಳನ್ನ ಇಂಗ್ಲಿಷಲ್ಲೇ ಟೈಪ್ ಮಾಡಿ. ಆ 3 ಅನ್ನೋದು ಮುಖ್ಯ, ಅದು ಹಾಕಿದ್ರೆ ಸೋಮವಾರಕ್ಕೆ 0, ಮಂಗಳವಾರಕ್ಕೆ 1, ಹಾಗೇ ಭಾನುವಾರಕ್ಕೆ 6. ತಾರೀಕಿಂದ ಅಷ್ಟು ದಿನ ಕಳೆದ್ರೆ ಆ ವಾರದ ಸೋಮವಾರ. ಶನಿವಾರದ ಸೆಷನ್ ತನ್ನ ವಾರಕ್ಕೇ ಸೇರುತ್ತೆ. 2023ರಲ್ಲಿ ದೀಪಾವಳಿ ಮುಹೂರ್ತ ಟ್ರೇಡಿಂಗ್ ನವೆಂಬರ್ 12 ಭಾನುವಾರ ಬಂದಿತ್ತಲ್ಲ, ಅದು ಕೂಡ ಮುಗಿದ ವಾರಕ್ಕೆ ಸೇರುತ್ತೆ. ಸೋಮವಾರ ರಜೆ ಇದ್ರೂ ತೊಂದರೆ ಇಲ್ಲ, ಅದು ವಾರದ ಹೆಸರು ಅಷ್ಟೇ, ಆ ದಿನ ವ್ಯಾಪಾರ ಆಗಿರಬೇಕು ಅಂತೇನಿಲ್ಲ.

ವಾರದ ನಂಬರ್ ಹಾಕಿದ್ರೆ ಏನಾಗುತ್ತೆ ಅಂತ ಕೇಳ್ತೀರ, ಯಾಕಂದ್ರೆ ಎಲ್ಲರೂ ಮೊದಲು ಹುಡುಕೋದು ವೀಕ್‌ನಮ್ ಫಂಕ್ಷನ್ನೇ. ಬರೀ ವೀಕ್‌ನಮ್ ಹಾಕಿದ್ರೆ ಡಿಸೆಂಬರ್ 30, 31 ಎರಡು ದಿನ 53ನೇ ವಾರ, ಜನವರಿ 1, 2, 3 ಮೂರು ದಿನ ಮುಂದಿನ ವರ್ಷದ 1ನೇ ವಾರ, ಒಂದು ಇಡೀ ವಾರ ತುಂಡಾಗುತ್ತೆ. ಅದು ಬೇಡ ಅಂತ ಐಎಸ್‌ಒ ವೀಕ್‌ನಮ್ (ಅಂತಾರಾಷ್ಟ್ರೀಯ ಪದ್ಧತಿಯ ವಾರದ ನಂಬರ್) ಹಾಕಿ ಅದರ ಮುಂದೆ ಇಯರ್ ಸೇರಿಸಿದ್ರೆ ಇನ್ನೂ ಕೆಟ್ಟದ್ದು, ಐಎಸ್‌ಒ ಲೆಕ್ಕದಲ್ಲಿ 2024ರ ಡಿಸೆಂಬರ್ 30 ಅಂದ್ರೆ 1ನೇ ವಾರ, ಆದ್ರೆ ಇಯರ್ ಫಂಕ್ಷನ್ 2024 ಅನ್ನುತ್ತೆ, ಎರಡೂ ಸೇರಿ "2024-1" ಆಯ್ತು. 2024ರ ಜನವರಿ 1ರಿಂದ 5ರವರೆಗಿನ ದಿನಗಳೂ "2024-1". ಇನ್ಫೋಸಿಸ್ ಆ ಜನವರಿಯಲ್ಲಿ ₹1,500ರ ಆಸುಪಾಸು ಇತ್ತು, ಆ ಡಿಸೆಂಬರ್ ಕೊನೆಗೆ ₹1,900ರ ಹತ್ತಿರ. ವರ್ಷದ ಮೊದಲ ವಾರಕ್ಕೂ ಕೊನೆ ಎರಡು ದಿನಕ್ಕೂ ಗಂಟು ಹಾಕಿ ಸರಾಸರಿ ತೆಗೆದ್ರೆ ಅದಕ್ಕೆ ಏನು ಅರ್ಥ? ಸೋಮವಾರದ ತಾರೀಕು ಹಾಕಿದ್ರೆ ಡಿಸೆಂಬರ್ 30ರಿಂದ ಜನವರಿ 3ರವರೆಗೆ ಐದೂ ದಿನ 30-12-2024 ಅನ್ನೋ ಒಂದೇ ಗುಂಪು, ಯಾವ ತಕರಾರೂ ಇಲ್ಲ, ಮತ್ತೆ ಚಾರ್ಟ್ ಹಾಕಿದಾಗಲೂ ತಾರೀಕಿನ ಸಾಲಲ್ಲಿ ಸರಿಯಾಗಿ ಕೂರುತ್ತೆ.

ಸೋಮವಾರದ ಕಾಲಮ್ ಆದ್ಮೇಲೆ ಸರಾಸರಿಗೆ ನನಗೆ ಇಷ್ಟ ಆಗಿದ್ದು ಕ್ವೆರಿ ಫಂಕ್ಷನ್. ಸೋಮವಾರದ ಕಾಲಮ್ ಆರಿಸು, ಬೆಲೆಯ ಸರಾಸರಿ ಕೊಡು, ಎಷ್ಟು ದಿನ ಇತ್ತು ಅಂತ ಎಣಿಕೆ ಕೊಡು, ಸೋಮವಾರದ ಪ್ರಕಾರ ಗುಂಪು ಮಾಡು, ಅಂತ ಒಂದೇ ಸಾಲಲ್ಲಿ ಹೇಳಿದ್ರೆ ಪೂರ್ತಿ ಪಟ್ಟಿ ತಾನೇ ಬರುತ್ತೆ, ಹೊಸ ದಿನ ಸೇರಿದ ಹಾಗೆ ತಾನೇ ಬೆಳೆಯುತ್ತೆ. ಎಣಿಕೆಯ ಕಾಲಮ್ ಬಿಡಲೇಬೇಡಿ ಅಂತ ನಾನು ಒತ್ತಿ ಹೇಳ್ತೀನಿ. ಮೂರು ದಿನದ ವಾರ, ಆರು ದಿನದ ವಾರ ಕಣ್ಣಿಗೆ ಬೀಳೋದು ಅದರಿಂದಲೇ, ಮತ್ತೆ ಎರಡು ಅಂತಲೋ ಏಳು ಅಂತಲೋ ಬಂದ್ರೆ ಡೇಟಾದಲ್ಲಿ ಏನೋ ಆಗಿದೆ ಅಂತ ಕೂಡಲೇ ಗೊತ್ತಾಗುತ್ತೆ. ಇನ್ನೂ ಮುಗಿಯದ ಈ ವಾರದ ಸಾಲನ್ನ ಮುಗಿದ ವಾರಗಳ ಜೊತೆ ಹೋಲಿಸೋ ತಪ್ಪೂ ಆಗಲ್ಲ.

ಕ್ವೆರಿಯ ಒಂದು ಗುಣ ಮಾತ್ರ ಅಪಾಯಕಾರಿ. ಒಂದು ಕಾಲಮ್ಮಲ್ಲಿ ಸ್ವಲ್ಪ ತಾರೀಕು ಸ್ವಲ್ಪ ಟೆಕ್ಸ್ಟ್ ಬೆರೆತಿದ್ರೆ, ಜಾಸ್ತಿ ಯಾವುದಿದೆಯೋ ಅದನ್ನ ಮಾತ್ರ ಇಟ್ಕೊಂಡು ಉಳಿದದ್ದನ್ನ ಖಾಲಿ ಅಂತ ಬಿಟ್ಟುಬಿಡುತ್ತೆ, ಬಾಯಿ ಬಿಟ್ಟು ಹೇಳೋದೂ ಇಲ್ಲ. ಗೂಗಲ್‌ಫೈನಾನ್ಸಿಂದ ಬಂದ ಡೇಟಾದಲ್ಲಿ ಈ ತೊಂದರೆ ಇಲ್ಲ, ಬೇರೆ ಕಡೆಯಿಂದ ಪೇಸ್ಟ್ ಮಾಡಿದಾಗ ಬರುತ್ತೆ, ಅದೂ ಫೈಲಿನ ಲೊಕೇಲ್ (ಯಾವ ದೇಶದ ಪದ್ಧತಿ ಅನ್ನೋ ಸೆಟ್ಟಿಂಗ್) ಅಮೆರಿಕ ಅಂತ ಇದ್ರೆ ಖಂಡಿತ ಬರುತ್ತೆ. ನಮ್ಮ 03-04-2024, ಅಂದ್ರೆ ಏಪ್ರಿಲ್ 3, ಅಲ್ಲಿ ಮಾರ್ಚ್ 4 ಆಗುತ್ತೆ. 15-04-2024ಕ್ಕೆ ಹದಿನೈದನೇ ತಿಂಗಳು ಇಲ್ಲವಲ್ಲ, ಅದು ಟೆಕ್ಸ್ಟಾಗೇ ಉಳಿಯುತ್ತೆ. ತಿಂಗಳ ಮೊದಲ ಹನ್ನೆರಡು ದಿನ ಊರೂರು ಅಲೆದು ಬೇರೆ ಬೇರೆ ತಿಂಗಳಿಗೆ ಹೋಗಿ ಕೂತಿರುತ್ತೆ, ಉಳಿದ ದಿನ ಲೆಕ್ಕಕ್ಕೇ ಬರಲ್ಲ. ಪತ್ತೆ ಮಾಡೋದು ಸುಲಭ, ನಿಜವಾದ ತಾರೀಕು ಸೆಲ್ಲಿನ ಬಲಕ್ಕೆ ಒರಗಿರುತ್ತೆ, ಟೆಕ್ಸ್ಟ್ ಎಡಕ್ಕೆ. ಪೇಸ್ಟ್ ಮಾಡೋಕೆ ಮುಂಚೆನೇ ಫೈಲ್ ಮೆನುವಿನ ಸೆಟ್ಟಿಂಗ್ಸಲ್ಲಿ ಲೊಕೇಲ್ ಇಂಡಿಯಾ ಅಂತ ಮಾಡ್ಕೊಂಡ್ರೆ ಈ ರಗಳೆ ಇರಲ್ಲ.

ಪಿವಟ್ ಟೇಬಲ್, ಅಂದ್ರೆ ಸಾಲುಗಳನ್ನ ತಾನೇ ಗುಂಪು ಮಾಡಿ ಮೊತ್ತ ಸರಾಸರಿ ಕೊಡೋ ಪಟ್ಟಿ, ಅದರ ವಿಷಯದಲ್ಲಿ ಶೀಟ್ಸ್ ಹಿಂದೆ ಇದೆ. ತಾರೀಕನ್ನ ತಿಂಗಳು, ತ್ರೈಮಾಸಿಕ, ವರ್ಷ, ವಾರದ ದಿನ ಅಂತ ಗುಂಪು ಮಾಡೋ ಆಯ್ಕೆ ಸಿಗುತ್ತೆ, ನಮಗೆ ಬೇಕಾದ ವಾರ ಅನ್ನೋದು ಅಲ್ಲಿ ಸಿಗಲ್ಲ. ಸೋಮವಾರದ ಕಾಲಮ್ಮನ್ನೇ ಪಿವಟ್‌ನ ಸಾಲಿಗೆ ಹಾಕಿದ್ರೆ ಕೆಲಸ ಆಗುತ್ತೆ. ಇನ್ನೊಂದು ಮಿತಿ, ಗೂಗಲ್‌ಫೈನಾನ್ಸ್ ತಂದ ಹಳೇ ಬೆಲೆಗಳನ್ನ ಆಪ್ಸ್ ಸ್ಕ್ರಿಪ್ಟ್ (ಶೀಟ್ಸಿಗೆ ಪ್ರೋಗ್ರಾಮ್ ಬರೆಯೋ ಸಾಧನ) ಮೂಲಕ ಓದೋಕೆ ಗೂಗಲ್ ಬಿಡಲ್ಲ, ಹಾಗಾಗಿ ಪ್ರೋಗ್ರಾಮ್ ಬರೆದು ಪ್ರತಿ ಶನಿವಾರ ಮೇಲ್ ಕಳಿಸೋ ಆಸೆ ಇರೋರಿಗೆ ಇದು ಆಗಿಬರಲ್ಲ. ನನ್ನಂತೋರಿಗೆ ಅದು ಬೇಕಾಗೂ ಇಲ್ಲ.

ಎಕ್ಸೆಲ್

ಎಕ್ಸೆಲ್ ಪಿವಟ್ ಟೇಬಲ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ತಾರೀಕಿನ ಮೇಲೆ ರೈಟ್ ಕ್ಲಿಕ್, ಗ್ರೂಪ್, ಡೇಸ್, ನಂಬರ್ ಆಫ್ ಡೇಸ್ 7. ಬೆಲೆಯ ಕಡೆ ಸಮ್ ಅಂತ ಇರೋದನ್ನ ಎವರೇಜ್ ಮಾಡಿ. ಫಾರ್ಮುಲಾ ಒಂದೂ ಬೇಡ. ಎರಡು ವಿಷಯ ತಿಳ್ಕೊಂಡಿರಬೇಕು. ಹೊಸ ಎಕ್ಸೆಲ್ ತಾರೀಕನ್ನ ಪಿವಟ್‌ಗೆ ಹಾಕಿದ ಕೂಡಲೇ ತಾನೇ ತಿಂಗಳು ವರ್ಷ ಅಂತ ಗುಂಪು ಮಾಡುತ್ತೆ, ಅವೆಲ್ಲ ಆಯ್ಕೆ ತೆಗೆದು ಡೇಸ್ ಒಂದೇ ಉಳಿಸಿದ್ರೆ ಮಾತ್ರ ಆ 7 ಬರೆಯೋ ಡಬ್ಬಿ ತೆರೆಯುತ್ತೆ. ಎರಡನೇದು, ಸ್ಟಾರ್ಟಿಂಗ್ ಅಟ್ ಅನ್ನೋ ಜಾಗದಲ್ಲಿ ಡೇಟಾದ ಮೊದಲ ತಾರೀಕು ತಾನೇ ಕೂತಿರುತ್ತೆ. 2024ರ ಜನವರಿ 1 ಸೋಮವಾರ, ಹಾಗಾಗಿ ಆ ವರ್ಷಕ್ಕೆ ತಾನಾಗೇ ಸರಿ ಬರುತ್ತೆ. 2025ರ ಡೇಟಾ ಹಾಕಿದ್ರೆ ಶುರುವಾಗೋದು ಬುಧವಾರ, ಆಗ ನಿಮ್ಮ "ವಾರ" ಬುಧವಾರದಿಂದ ಮಂಗಳವಾರದವರೆಗೆ, ವರ್ಷಪೂರ್ತಿ ಹಾಗೇ. ಅಲ್ಲಿ 30-12-2024 ಅಂತ ಕೈಯಿಂದ ಬರೆದ್ರೆ ಸರಿಹೋಗುತ್ತೆ.

ಎಕ್ಸೆಲ್‌ನ ಒಂದು ಗುಣ ನನಗೆ ಬಹಳ ಹಿಡಿಸಿತು. ತಾರೀಕಿನ ಕಾಲಮ್ಮಲ್ಲಿ ಒಂದೇ ಒಂದು ಟೆಕ್ಸ್ಟ್ ಇದ್ರೂ ಪಿವಟ್ ಗ್ರೂಪ್ ಮಾಡೋಕೆ ಒಪ್ಪಲ್ಲ, ಆಗಲ್ಲ ಅಂತ ಮೆಸೇಜ್ ಕೊಟ್ಟು ನಿಲ್ಲುತ್ತೆ. ಜನ ಅದನ್ನ ತೊಂದರೆ ಅಂತ ಬೈತಾರೆ, ನಾನು ಅದನ್ನ ಪ್ರಾಮಾಣಿಕತೆ ಅಂತೀನಿ. ದುಡ್ಡಿನ ಲೆಕ್ಕದಲ್ಲಿ ತಪ್ಪು ಉತ್ತರಕ್ಕಿಂತ ಉತ್ತರ ಇಲ್ಲದಿರೋದೇ ವಾಸಿ. ಟೆಕ್ಸ್ಟ್ ಟು ಕಾಲಮ್ಸ್‌ಗೆ ಹೋಗಿ ಡೇಟ್, ಡಿಎಂವೈ ಅಂತ ಆರಿಸಿದ್ರೆ ಪೂರ್ತಿ ಕಾಲಮ್ ಒಂದೇ ಏಟಿಗೆ ತಾರೀಕಾಗುತ್ತೆ.

ಮೈಕ್ರೋಸಾಫ್ಟ್ 365 ಇದ್ರೆ ಸ್ಟಾಕ್‌ಹಿಸ್ಟರಿ ಅನ್ನೋ ಫಂಕ್ಷನ್ ಇದೆ, ಗೂಗಲ್‌ಫೈನಾನ್ಸಿನ ಹಾಗೆ ಬೆಲೆ ತರುತ್ತೆ, ಶೇರಿನ ಮುಂದೆ ಎಕ್ಸ್‌ಎನ್‌ಎಸ್‌ಇ ಅಂತ ಹಾಕಬೇಕು. ಇದರಲ್ಲೂ 0 ಅಂದ್ರೆ ದಿನ, 1 ಅಂದ್ರೆ ವಾರ, 2 ಅಂದ್ರೆ ತಿಂಗಳು ಅಂತ ಇದೆ, ಇಲ್ಲೂ ಆ 1 ಸರಾಸರಿ ಅಲ್ಲ ಅನ್ನೋದು ನೆನಪಿರಲಿ. ವಾರಕ್ಕೆ ಅದು ತೋರಿಸೋ ತಾರೀಕು ಆ ವಾರದ ಮೊದಲ ವ್ಯಾಪಾರದ ದಿನದ್ದು, ಕ್ಲೋಸ್ ಬೆಲೆ ಮಾತ್ರ ವಾರದ ಕೊನೆಯದ್ದು, ಎರಡನ್ನೂ ಒಂದೇ ದಿನದ್ದು ಅಂತ ಓದ್ಬೇಡಿ. ದಿನದ ಬೆಲೆ ತರಿಸಿ ಸೋಮವಾರದ ಕಾಲಮ್ ಮಾಡಿ ಗ್ರೂಪ್‌ಬೈ ಫಂಕ್ಷನ್ನಿಗೆ ಕೊಟ್ರೆ ಒಂದೇ ಸೆಲ್ಲಲ್ಲಿ ವರ್ಷದ ಪಟ್ಟಿ ರೆಡಿ. ಹಳೇ ಎಕ್ಸೆಲ್ ಇರೋರಿಗೆ ಎವರೇಜ್‌ಇಫ್ಸ್ ಇದೆ, ಯಾವ ಕೊರತೆಯೂ ಇಲ್ಲ. ಪ್ರತಿ ವಾರ ಹೊಸ ಫೈಲ್ ಬರೋ ಆಫೀಸ್ ಕೆಲಸಕ್ಕೆ ಪವರ್ ಕ್ವೆರಿ (ಎಕ್ಸೆಲ್‌ನಲ್ಲೇ ಇರೋ, ಫೈಲ್ ತಂದು ಹದ ಮಾಡೋ ಸಾಧನ) ಒಂದು ಸಲ ಸೆಟ್ ಮಾಡಿ ಇಟ್ಟುಬಿಡಿ, ಅದರಲ್ಲಿ ವಾರದ ಆರಂಭ ಕೊಡೋ ಫಂಕ್ಷನ್ ಇದೆ, ಸೋಮವಾರದಿಂದ ಶುರು ಅಂತ ಮಾತ್ರ ನಾವೇ ಹೇಳಬೇಕು. ಆಮೇಲೆ ರಿಫ್ರೆಶ್ ಒತ್ತಿದ್ರೆ ಆಯ್ತು.

ಕೊರತೆ ಅಂದ್ರೆ ದುಡ್ಡು. ಮನೆ ಲೆಕ್ಕಕ್ಕೋಸ್ಕರ ಚಂದಾ ಕಟ್ಟಿ ಅಂತ ನಾನು ಯಾರಿಗೂ ಹೇಳಲ್ಲ.

ಲಿಬ್ರೆ ಆಫೀಸ್ ಕ್ಯಾಲ್ಕ್

ಬೆಲೆ ತರೋ ಫಂಕ್ಷನ್ ಇದರಲ್ಲಿ ಇಲ್ಲ, ಫೈಲ್ ನೀವೇ ತರಬೇಕು. ಆದ್ರೆ ತಂದ ಫೈಲನ್ನ ಒಳಗೆ ತಗೊಳ್ಳೋದ್ರಲ್ಲಿ ಮೂರರಲ್ಲಿ ಇದೇ ಅಚ್ಚುಕಟ್ಟು. ಸಿಎಸ್‌ವಿ ಫೈಲ್ ತೆಗೆದ ತಕ್ಷಣ ಒಂದು ಕಿಟಕಿ ಬರುತ್ತೆ, ಪ್ರತಿ ಕಾಲಮ್ ಏನು ಅಂತ ಅಲ್ಲೇ ಹೇಳಬಹುದು, ತಾರೀಕಿನ ಕಾಲಮ್ಮಿಗೆ ದಿನ ತಿಂಗಳು ವರ್ಷ ಅನ್ನೋ ಕ್ರಮ ಕೊಟ್ರೆ ಮೇಲೆ ಹೇಳಿದ ಏಪ್ರಿಲ್ ಮಾರ್ಚ್ ಗಲಾಟೆ ಹುಟ್ಟೋದೇ ಇಲ್ಲ. ಪಿವಟ್‌ನಲ್ಲಿ ಎಫ್12 ಒತ್ತಿದ್ರೆ ಏಳು ದಿನದ ಗುಂಪು ಎಕ್ಸೆಲ್ ತರಾನೇ ಆಗುತ್ತೆ, ಶುರುವಿನ ತಾರೀಕು ಸೋಮವಾರ ಇರಲಿ ಅನ್ನೋ ಎಚ್ಚರಿಕೆ ಇಲ್ಲೂ ಬೇಕು. ಮೆನುಗಳು ಕನ್ನಡದಲ್ಲೂ ಸಿಗುತ್ತೆ. ಚಾರ್ಟ್ ಅಷ್ಟು ಚಂದ ಬರಲ್ಲ, ಫೋನಲ್ಲಿ ನೋಡೋ ಅನುಕೂಲ ಶೀಟ್ಸಿನಷ್ಟು ಇಲ್ಲ, ಅದಕ್ಕೇ ನನಗೆ ಇದು ಮೂರನೇದು. ಡೇಟಾ ಯಾರ ಸರ್ವರಿಗೂ ಹೋಗಬಾರದು ಅನ್ನೋರಿಗೆ ಇದೇ ಒಂದನೇದು ಅಂತಲೂ ಒಪ್ಪಿಕೊಳ್ತೀನಿ.

ಮೂರರಲ್ಲಿ ಯಾವುದೂ ತಾನಾಗೇ ಮಾಡದ ಕೆಲಸ

ಕೆನರಾ ಬ್ಯಾಂಕಿನ ಆ ಮೇ ವಾರಕ್ಕೆ ಬರ್ತೀನಿ. ಎನ್‌ಎಸ್‌ಇಯ ದಿನದ ಭಾವ್‌ಕಾಪಿ ಫೈಲುಗಳನ್ನ ಜೋಡಿಸಿ ಸರಾಸರಿ ತೆಗೆದ್ರೆ ಸೋಮವಾರ ಮಂಗಳವಾರ ಐನೂರು ಚಿಲ್ಲರೆ, ಬುಧವಾರದಿಂದ ಶನಿವಾರದವರೆಗೆ ನೂರು ಚಿಲ್ಲರೆ, ಸರಾಸರಿ ಇನ್ನೂರೈವತ್ತರ ಮೇಲೆ ಎಲ್ಲೋ ಬರುತ್ತೆ. ಆ ವಾರ ಆ ಬೆಲೆಗೆ ಒಂದು ಶೇರೂ ಕೈ ಬದಲಾಯಿಸಿಲ್ಲ. ಭಾವ್‌ಕಾಪಿ ಅಂದ್ರೆ ಆ ದಿನ ನಡೆದ ಬೆಲೆ, ಅದು ಹಿಂದಕ್ಕೆ ಹೋಗಿ ತಿದ್ದಲ್ಲ. ಒಂದು ಶೇರು ಐದಾದ್ದರಿಂದ 15ನೇ ತಾರೀಕಿಗೆ ಮುಂಚಿನ ಎಲ್ಲ ಬೆಲೆಯನ್ನೂ 5ರಿಂದ ಭಾಗಿಸಿ ಆಮೇಲೆ ಸರಾಸರಿ ತೆಗೀಬೇಕು, ಷೇರುಗಳ ಸಂಖ್ಯೆ ಬಳಸ್ತಿದ್ರೆ ಅದನ್ನ 5ರಿಂದ ಗುಣಿಸಬೇಕು. ಇನ್ಫೋಸಿಸ್ 2018ರ ಸೆಪ್ಟೆಂಬರಲ್ಲಿ ಒಂದಕ್ಕೊಂದು ಬೋನಸ್ (ಇರೋ ಪ್ರತಿ ಶೇರಿಗೆ ಇನ್ನೊಂದು ಶೇರು ಬಿಟ್ಟಿ) ಕೊಟ್ಟಾಗಲೂ ಹೀಗೇ, 4ನೇ ತಾರೀಕು ಮಂಗಳವಾರ ಬೆಲೆ ಅರ್ಧಕ್ಕಿಳಿಯಿತು, ಅದೂ ವಾರದ ಮಧ್ಯವೇ. ಗೂಗಲ್‌ಫೈನಾನ್ಸ್ ಸಾಮಾನ್ಯವಾಗಿ ಸ್ಪ್ಲಿಟ್ಟಿಗೆ ಹಳೇ ಬೆಲೆ ಹೊಂದಿಸಿ ಕೊಡುತ್ತೆ, ಆದ್ರೂ ಅಂತ ವಾರ ಬಂದಾಗ ಕಣ್ಣಾಡಿಸಿ. ಒಂದು ದಿನಕ್ಕೂ ಮಾರನೇ ದಿನಕ್ಕೂ ಶೇಕಡಾ 30ಕ್ಕಿಂತ ಜಾಸ್ತಿ ವ್ಯತ್ಯಾಸ ಇರೋ ಸಾಲಿಗೆ ಕೆಂಪು ಬಣ್ಣ ಬರೋ ಹಾಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿಟ್ರೆ ಸಾಕು.

ರಜೆ ದಿನಕ್ಕೆ ಸೊನ್ನೆ ಹಾಕೋ ಅಭ್ಯಾಸ ಕೆಲವರಿಗೆ ಇದೆ. ಎವರೇಜ್ ಫಂಕ್ಷನ್ ಖಾಲಿ ಸೆಲ್ ಬಿಟ್ಟುಬಿಡುತ್ತೆ, ಸೊನ್ನೆ ಬಿಡಲ್ಲ. ಖಾಲಿ ಬಿಡಿ, ಇಲ್ಲ ಆ ಸಾಲೇ ಇಡಬೇಡಿ. ಹಾಗೇ ತಿಂಗಳ ಸರಾಸರಿ ಬೇಕು ಅಂದ್ರೆ ವಾರದ ಸರಾಸರಿಗಳ ಸರಾಸರಿ ತೆಗೀಬೇಡಿ, ಮೂರು ದಿನದ ವಾರಕ್ಕೂ ಆರು ದಿನದ ವಾರಕ್ಕೂ ಒಂದೇ ತೂಕ ಕೊಟ್ಟ ಹಾಗಾಗುತ್ತೆ, ದಿನದ ಬೆಲೆಗೇ ವಾಪಸ್ ಹೋಗಿ.

ತೂಕದ ಮಾತು ಬಂತಲ್ಲ, ಅಡಿಕೆ ರೇಟ್ ಇದೇ ಥರ ಲೆಕ್ಕ ಹಾಕೋರು ಶಿವಮೊಗ್ಗ ಶಿರಸಿ ಕಡೆ ತುಂಬಾ ಜನ ಇದ್ದೀರ, ನಿಮಗೆ ಇದು ಶೇರಿನೋರಿಗಿಂತ ಮುಖ್ಯ. ಶೇರು ಮಾರ್ಕೆಟ್ ತೆರೆದ ದಿನ ವ್ಯಾಪಾರ ಇದ್ದೇ ಇರುತ್ತೆ, ಎಪಿಎಂಸಿಯಲ್ಲಿ ಒಂದು ದಿನ ಆವಕ (ಮಾರಾಟಕ್ಕೆ ಬಂದ ಮಾಲು) ನಾಲ್ಕು ಮೂಟೆ, ಇನ್ನೊಂದು ದಿನ ಲಾರಿಗಟ್ಟಲೆ. ಉದಾಹರಣೆಗೆ ಸೋಮವಾರ "ರಾಶಿ ಇಡಿ" ಅನ್ನೋ ಬಗೆಯ ಅಡಿಕೆ 10 ಕ್ವಿಂಟಲ್ ಬಂದು ಕ್ವಿಂಟಲಿಗೆ ₹50,000ಕ್ಕೆ ಹೋಯ್ತು, ಗುರುವಾರ 190 ಕ್ವಿಂಟಲ್ ಬಂದು ₹47,000ಕ್ಕೆ ಹೋಯ್ತು ಅಂದ್ಕೊಳ್ಳಿ. ಸುಮ್ಮನೆ ಸರಾಸರಿ ₹48,500. ಆವಕದ ತೂಕ ಸೇರಿಸಿದ್ರೆ ₹47,150. ಕ್ವಿಂಟಲಿಗೆ ₹1,350 ವ್ಯತ್ಯಾಸ, ಮಾರೋದೋ ಇಡೋದೋ ಅಂತ ಯೋಚನೆ ಮಾಡ್ತಿರೋ ಬೆಳೆಗಾರನಿಗೆ ಇದು ಸಣ್ಣದಲ್ಲ. ಮೂರೂ ಶೀಟಲ್ಲಿ ದಾರಿ ಒಂದೇ, ಆವಕ ಗುಣಿಸು ಬೆಲೆ ಅಂತ ಒಂದು ಕಾಲಮ್ ಮಾಡಿ, ಸಮ್‌ಇಫ್ಸ್ ಹಾಕಿ ಆ ಸೋಮವಾರದ ಮೊತ್ತ ತೆಗೆದು, ಅದೇ ಸೋಮವಾರದ ಒಟ್ಟು ಆವಕದಿಂದ ಭಾಗಿಸಿ. ರಾಶಿ, ಬೆಟ್ಟೆ, ಸರಕು, ಗೊರಬಲು ಈ ಬಗೆಗಳ ಲೆಕ್ಕ ಬೇರೆ ಬೇರೆ ಇಟ್ಕೊಳ್ಳಿ, ಬೆರೆಸಿದ್ರೆ ಯಾವ ಬಗೆ ಜಾಸ್ತಿ ಬಂತು ಅನ್ನೋದೇ ಬೆಲೆ ಏರಿಳಿತದ ಹಾಗೆ ಕಾಣುತ್ತೆ.

ಕೊನೆಗೆ, ವಾರದ ಸರಾಸರಿ ಬಂದ್ಮೇಲೆ ಅದನ್ನ ಎಲ್ಲಿ ಬಳಸಬಾರದು ಅನ್ನೋದು. ಒಂದು ವಾರದ ಸರಾಸರಿಯಿಂದ ಇನ್ನೊಂದು ವಾರದ ಸರಾಸರಿಗೆ ಎಷ್ಟು ಪರ್ಸೆಂಟ್ ಬದಲಾಯ್ತು ಅಂತ ನೋಡಿ, "ಹೋದ ವಾರ ಏರಿತ್ತು, ಈ ವಾರವೂ ಏರಿದೆ, ಟ್ರೆಂಡ್ ಇದೆ" ಅಂತ ತೀರ್ಮಾನ ಮಾಡೋರಿದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಹೋಲ್‌ಬ್ರೂಕ್ ವರ್ಕಿಂಗ್ 1960ರಲ್ಲೇ ಇದರ ಗಣಿತ ತೋರಿಸಿದ್ರು: ಗೊತ್ತುಗುರಿ ಇಲ್ಲದೆ ಏರಿಳಿಯೋ ಬೆಲೆಯ ಸರಣಿಯನ್ನ ತಗೊಂಡು ಗುಂಪು ಗುಂಪಾಗಿ ಸರಾಸರಿ ಮಾಡಿದ್ರೆ, ಆ ಸರಾಸರಿಗಳ ಬದಲಾವಣೆಯಲ್ಲಿ ಇಲ್ಲದ ಸಂಬಂಧ ಹುಟ್ಟಿಕೊಳ್ಳುತ್ತೆ. ಐದು ದಿನದ ವಾರಕ್ಕೆ ಅದು ಸುಮಾರು 0.235, ಗುಂಪು ದೊಡ್ಡದಾದ ಹಾಗೆ 0.25ರ ಹತ್ತಿರ ಹೋಗುತ್ತೆ. ಅಂದ್ರೆ ಆ ಟ್ರೆಂಡಲ್ಲಿ ಒಂದಷ್ಟು ಪಾಲು ಮಾರ್ಕೆಟ್ಟಿಂದ ಬಂದಿದ್ದಲ್ಲ, ನಾವು ಸರಾಸರಿ ತೆಗೆದಿದ್ದರಿಂದಲೇ ಬಂದಿದ್ದು. ಬೆಲೆ ಯಾವ ಮಟ್ಟದಲ್ಲಿದೆ ಅಂತ ನೋಡೋಕೆ, ಚಾರ್ಟ್ ಹಾಕೋಕೆ, ಮನೆಯವರಿಗೆ ಹೇಳೋಕೆ ಸರಾಸರಿ ಚೆನ್ನ. ಲಾಭದ ಪರ್ಸೆಂಟ್ ಲೆಕ್ಕಕ್ಕೆ ವಾರದ ಕೊನೆಯ ಕ್ಲೋಸಿಂಗ್ ಬೆಲೆ ಬೇಕು, ಅದಕ್ಕೆ ಗೂಗಲ್‌ಫೈನಾನ್ಸಿನ ವೀಕ್ಲಿ ಸರಿಯಾದ ಆಯ್ಕೆ, ಬೇರೆ ಟ್ಯಾಬಲ್ಲಿ ತರಿಸಿ ಅದಕ್ಕೂ ಅದೇ ಸೋಮವಾರದ ಕಾಲಮ್ ಹಾಕಿ ಸರಾಸರಿಯ ಪಕ್ಕದಲ್ಲಿ ಜೋಡಿಸ್ಕೊಳ್ಳಿ.